ತೊಟ್ಟಿಲು ತೂಗಲು ನೆರೆಯ ಕೈ

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಅದರ ಹಿಂದೆ ಮಗಳ ಮೇಲಣ ಅಕ್ಕರೆಯಷ್ಟೇ ಅಲ್ಲ, ಒಂದು ಲೆಕ್ಕಾಚಾರವೂ ಇದ್ದಿತು. ಬಾಣಂತಿಗೆ ನೀರು ಹಾಕಲು ಒಬ್ಬರು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆಯಲು ಒಬ್ಬರು, ಒಲೆಯ ಮುಂದೆ ಕುಳಿತು ಪಥ್ಯದ ಅಡುಗೆ ಮಾಡಲು ಒಬ್ಬರು, ನಡುರಾತ್ರಿಯಲ್ಲಿ ಕೂಸು ಅತ್ತರೆ ಎತ್ತಿಕೊಂಡು ತಿರುಗಾಡಲು ಇನ್ನೊಬ್ಬರು. ಹೀಗೆ ಒಂದು ಹಸುಗೂಸಿನ ಸುತ್ತ ನಾಲ್ಕು ಜೊತೆ ಕೈಗಳಾದರೂ ಬೇಕೆಂಬುದನ್ನು ನಮ್ಮ ಅಜ್ಜಿಯರು ಚೆನ್ನಾಗಿ ಬಲ್ಲವರಾಗಿದ್ದರು.

ಆ ಕೈಗಳು ಇಂದು ಎಲ್ಲಿವೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಬೆಂಗಳೂರಿನ ವಾಚಕರು ಬಹುದೂರ ಹೋಗಬೇಕಾಗಿಲ್ಲ. ರಾಜಧಾನಿಯ ಮಗ್ಗುಲಿಗೇ ಇರುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. 1986ರಲ್ಲಿ ಬೆಂಗಳೂರು ಗ್ರಾಮಾಂತರವೆಂಬ ಪ್ರತ್ಯೇಕ ಜಿಲ್ಲೆ ರಚನೆಯಾದಾಗ ಇಲ್ಲಿನ ಹೆಚ್ಚಿನ ಊರುಗಳು ರಾಗಿ, ರೇಷ್ಮೆ, ತರಕಾರಿಗಳನ್ನು ನಂಬಿದ ಊರುಗಳು. ಇಂದು ಅದೇ ಊರುಗಳ ಬದುಕು ಕಾರ್ಖಾನೆಯ ಗಡಿಯಾರಕ್ಕೆ ಹೊಂದಿಕೊಂಡಿದೆ.

ಕಣ್ಣಳತೆ ಮತ್ತು ಕೈಯಳತೆ

ದೊಡ್ಡಬಳ್ಳಾಪುರದ ನೇಕಾರರ ಓಣಿಗಳಲ್ಲಿ ವಿದ್ಯುತ್ ಮಗ್ಗಗಳು ಅನೇಕರ ಮನೆಯೊಳಗೇ ಇವೆ. ಗಂಡ ಮಗ್ಗದ ಮುಂದೆ, ಹೆಂಡತಿ ಕಂಡಿಕೆ ಸುತ್ತುವ ಯಂತ್ರದ ಮುಂದೆ, ಮಗು ಮೂಲೆಯ ಜೋಲಿಯಲ್ಲಿ. ಹೊರಗಿನಿಂದ ನೋಡಿದವರಿಗೆ, ತಾಯಿ ಮನೆಯಲ್ಲಿಯೇ ಇದ್ದಾಳಲ್ಲಾ, ಮಗುವಿಗೆ ಏನು ಕೊರತೆ ಎನಿಸಬಹುದು. ಆದರೆ ಮಗು ಕಣ್ಣಳತೆಯಲ್ಲಿರುವುದೇ ಬೇರೆ, ಕೈಯಳತೆಯಲ್ಲಿರುವುದೇ ಬೇರೆ. ಮಗ್ಗದ ಸದ್ದಿನಲ್ಲಿ ಮಗುವಿನ ಅಳು ಕೇಳಿಸದು. ಕೇಳಿಸಿದರೂ ಎಳೆ ತುಂಡಾದಲ್ಲಿಂದ ಕೈ ತೆಗೆಯುವಂತಿಲ್ಲ.

ಅದೇ ತಾಲ್ಲೂಕಿನ ಸಿದ್ಧ ಉಡುಪು ಕಾರ್ಖಾನೆಗಳಿಗೆ ಹೋಗುವ ತಾಯಂದಿರ ಪಾಡು ಇನ್ನೊಂದು ಬಗೆಯದು. ಬೆಳಗಾಗುತ್ತಲೇ ಊರ ಮುಂದೆ ಕಾರ್ಖಾನೆಯ ಬಸ್ಸು ಬಂದು ನಿಲ್ಲುತ್ತದೆ. ಅದು ತಪ್ಪಿದರೆ ಅಂದಿನ ಸಂಬಳವೂ ತಪ್ಪಿದಂತೆ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿಯೂ, ಹೊಸಕೋಟೆಯ ಉಗ್ರಾಣಗಳಲ್ಲಿಯೂ ಇದೇ ಕಥೆ. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಆ ಸೀಮೆಯಲ್ಲಿ ಕಟ್ಟಡದ ಕೆಲಸ ನಿಂತದ್ದೇ ಇಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಗಳಿಂದಲೂ ಹೊರ ರಾಜ್ಯಗಳಿಂದಲೂ ಬಂದ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿ ಬಿಡಾರ ಹೂಡಿವೆ. ಈ ತಾಯಿಗೆ ತವರು ನೂರಾರು ಮೈಲಿ ದೂರ. ನೆರೆಮನೆಯವಳೂ ಅವಳಂತೆಯೇ ಕಲ್ಲು ಹೊರಲು ಹೋಗಿರುತ್ತಾಳೆ. ಹಿರಿಯ ಮಗಳು ಐದು ವರ್ಷದವಳಿದ್ದರೆ ಕಿರಿಯದಕ್ಕೆ ಅವಳೇ ಅಮ್ಮ.

ಕಾನೂನು ಈ ಕಷ್ಟವನ್ನು ಕಾಣದೆ ಇಲ್ಲ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯು ಸಂಬಳ ಸಹಿತ ರಜೆಯನ್ನು 26 ವಾರಗಳಿಗೆ ಏರಿಸಿತು. ಐವತ್ತು ಮಂದಿ ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಗೃಹವಿರಬೇಕೆಂದೂ ವಿಧಿಸಿತು. ಆದರೆ ಮನೆಯಲ್ಲಿ ಕಂಡಿಕೆ ಸುತ್ತುವವಳಿಗೆ ರಜೆ ಕೊಡುವ ಧಣಿ ಯಾರು? ದಿನಗೂಲಿಯ ಗಾರೆ ಕೆಲಸದವಳಿಗೆ ಇಪ್ಪತ್ತಾರು ವಾರವೆಂದರೇನು? ರಜೆ ಸಿಕ್ಕವಳಿಗೂ ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಅದು ಮುಗಿದಿರುತ್ತದೆ. ಮಗುವಿಗೆ ಮೊಲೆಹಾಲಿನ ಜೊತೆಗೆ ಮೇಲಿನ ಆಹಾರವನ್ನು ತಿನ್ನಿಸಲು ತೊಡಗಬೇಕಾದ ಸಮಯವೂ ಅದೇ ಎಂಬುದನ್ನು ವಾಚಕರು ಗಮನಿಸಬೇಕು.

ಅಂಗಳಕ್ಕೆ ಬಂದ ಶಾಲೆ

ಬಡ ಕುಟುಂಬದ ಎಳೆಯ ಮಕ್ಕಳಿಗೆ ಊರಿನವರೇ ನೆರವಾಗಬೇಕೆಂಬ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಊರಿನಲ್ಲಿ ಗ್ರಾಮೀಣ ಮಕ್ಕಳಿಗಾಗಿ ಕೇಂದ್ರವೊಂದನ್ನು ತೆರೆದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಮನೆಯ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಹೆಸರು ಹುಟ್ಟಿದ್ದು ಹಾಗೆ.

ಸ್ವಾತಂತ್ರ್ಯಾನಂತರ 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಲಿ ಸ್ಥಾಪನೆಯಾಯಿತು. ಮರುವರ್ಷದಿಂದ ಅದು ಹಳ್ಳಿಗಳಲ್ಲಿ ಕೈಗೊಂಡ ಕಲ್ಯಾಣ ವಿಸ್ತರಣಾ ಯೋಜನೆಗಳಲ್ಲಿ ಬಾಲವಾಡಿಗಳು ಸೇರಿದ್ದವು. ಸಂಬಳವಿಲ್ಲದೆ ದುಡಿಯುವ ಸ್ಥಳೀಯ ಮಹಿಳೆಯರೇ ಆ ಯೋಜನೆಗಳ ಬೆನ್ನೆಲುಬು.

1974ರಲ್ಲಿ ಮಕ್ಕಳ ರಾಷ್ಟ್ರೀಯ ನೀತಿ ಅಂಗೀಕಾರವಾಯಿತು. 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಮೊದಲ ಅಂಗನವಾಡಿಗಳ ಸಂಖ್ಯೆ ಬರೀ ನೂರು. ಇಂದು ರಾಜ್ಯದಲ್ಲಿ ಅಂಗನವಾಡಿಗಳು 65 ಸಾವಿರಕ್ಕೂ ಹೆಚ್ಚು. ಗ್ರಾಮಾಂತರದಲ್ಲಿ 400ರಿಂದ 800 ಜನಸಂಖ್ಯೆಗೆ ಒಂದು ಕೇಂದ್ರವೆಂಬುದು ನಿಯಮ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಈ ಆರು ಸೇವೆಗಳೂ ಒಂದೇ ಸೂರಿನಡಿಯಿಂದ ನಡೆಯಬೇಕು. ನಮ್ಮ ರಾಜ್ಯ ಸರ್ಕಾರ ಇದಕ್ಕೆ ತನ್ನದನ್ನೂ ಸೇರಿಸಿತು: 2013ರಲ್ಲಿ ಕ್ಷೀರಭಾಗ್ಯದ ಹಾಲು, 2017ರ ಅಕ್ಟೋಬರ್ 2ರಿಂದ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ.

ನಡುವೆ ಬಿಟ್ಟುಹೋದ ಹೊತ್ತು

ಇಷ್ಟೆಲ್ಲ ಇದ್ದರೂ ಮಕ್ಕಳು ಏಕೆ ಸೊರಗುತ್ತಾರೆ? 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳು ದಾಟಿದ ಈ ವಯಸ್ಸಿನ ಮಕ್ಕಳಲ್ಲಿ ರಕ್ತಹೀನತೆಯಿದ್ದದ್ದು ಶೇಕಡ 65.5 ಮಂದಿಗೆ, ಹಿಂದಿನ ಸಮೀಕ್ಷೆಯಲ್ಲಿ ಅದು ಶೇಕಡ 60.9 ಇದ್ದಿತು. ಹಾಲೂ ಮೊಟ್ಟೆಯೂ ಬಂದ ನಾಡಿನಲ್ಲಿ ರಕ್ತಹೀನತೆ ಏರಿತೆಂಬುದು ಯೋಚಿಸಬೇಕಾದ ಸಂಗತಿ.

ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ವ್ಯವಸ್ಥೆಯ ಒಳಗೇ ಅಡಗಿದೆ. ಮೂರರಿಂದ ಆರು ವರ್ಷದ ಮಗು ಅಂಗನವಾಡಿಗೆ ಬಂದು ಕೂತು ಊಟ ಮಾಡುತ್ತದೆ. ಬಸುರಿ ಬಾಣಂತಿಯರ ಊಟವೂ ಅಲ್ಲಿಯೇ. ಆದರೆ ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಗುವಿಗೆ ಕೊಡುವುದು ಮನೆಗೆ ಒಯ್ಯುವ ಪೊಟ್ಟಣ. ದಿನಕ್ಕೆ ಇಂತಿಷ್ಟು ಶಕ್ತಿ, ಇಂತಿಷ್ಟು ಪ್ರೋಟೀನು ದೊರೆಯಬೇಕೆಂಬ ಲೆಕ್ಕದಲ್ಲಿ ಆಹಾರ ಕೊಡುವುದೇನೋ ನಿಜ. ಪೊಟ್ಟಣ ಮನೆ ಸೇರುತ್ತದೆ. ಮನೆಯಲ್ಲಿ ತಾಯಿ ಇರುವುದಿಲ್ಲ.

ಎಳೆಯ ಮಗುವಿಗೆ ಉಣಿಸಿದವರಿಗೆಲ್ಲ ಇದರ ಅರ್ಥ ತಿಳಿದೀತು. ಅದರ ಹೊಟ್ಟೆ ಚಿಕ್ಕದು. ಒಮ್ಮೆಗೆ ಹೆಚ್ಚು ಸೇರದು. ದಿನಕ್ಕೆ ಮೂರು ನಾಲ್ಕು ಬಾರಿ, ರಮಿಸಿ, ಚಂದಮಾಮನನ್ನು ತೋರಿಸಿ, ಉಗಿದದ್ದನ್ನು ಒರೆಸಿ ಮತ್ತೆ ಉಣಿಸಬೇಕು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ವಸ್ತ್ರಗಾಲಿತ ಮಾಡಿ ಕಾಸುವ ರಾಗಿ ಸರಿ ಈ ಸೀಮೆಯ ತಾಯಂದಿರ ಹಳೆಯ ವಿದ್ಯೆ. ಮೊಳಕೆ ಬಂದ ಕಾಳಿನ ಹಿಟ್ಟು ಕಾಸಿದಾಗ ಗಟ್ಟಿಯಾಗದೆ ತೆಳ್ಳಗಿರುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು ಸೇರಿಸಬಹುದೆಂದು ಇಂದಿನ ಆಹಾರ ವಿಜ್ಞಾನವೂ ಒಪ್ಪುತ್ತದೆ. ವಿದ್ಯೆ ಮರೆತುಹೋಗಿಲ್ಲ, ಅದನ್ನು ಮಾಡಲು ಹೊತ್ತಿಲ್ಲ. ಬಸುರಿನ 270 ದಿನ, ಹುಟ್ಟಿದ ಮೇಲಿನ ಎರಡು ವರ್ಷದ 730 ದಿನ, ಈ ಸಾವಿರ ದಿನಗಳಲ್ಲಿ ಆದ ನಷ್ಟವನ್ನು ಮುಂದೆ ಎಷ್ಟು ಉಣಿಸಿದರೂ ಪೂರ್ತಿ ತುಂಬಿಕೊಡಲಾಗದೆಂಬುದು ವೈದ್ಯರ ಮಾತು.

ಈ ಕೊರತೆಯನ್ನು ಕಂಡೇ ರಾಜ್ಯ ಸರ್ಕಾರ 2023ರಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 4,000 'ಕೂಸಿನ ಮನೆ'ಗಳನ್ನು ತೆರೆಯುವ ಯೋಜನೆಯನ್ನು ಹಮ್ಮಿಕೊಂಡಿತು. ಹೆಸರೇ ಎಷ್ಟು ಹಿತವಾಗಿದೆ! ಮಕ್ಕಳನ್ನು ನೋಡಿಕೊಳ್ಳಲು ಅದೇ ಊರಿನ ಹೆಂಗಸರಿಗೆ ತರಬೇತಿ ಕೊಡುವುದು ಅದರ ಕ್ರಮ.

ಸೇವೆಯೆಂಬ ಮಾತಿನ ಭಾರ

ಈಗ ಸ್ವಯಂಸೇವೆಯ ವಿಷಯಕ್ಕೆ ಬರೋಣ. ನಾಡಿನ ಅತಿ ದೊಡ್ಡ ಸ್ವಯಂಸೇವಕಿಯರ ಪಡೆ ಯಾವುದೆಂದರೆ, ಸರ್ಕಾರದ ಕಾಗದ ಪತ್ರಗಳ ಪ್ರಕಾರ, ಅಂಗನವಾಡಿ ಕಾರ್ಯಕರ್ತೆಯರದೇ. ಅವರು ಪಡೆಯುವುದು ಸಂಬಳವಲ್ಲ, ಗೌರವಧನ. ಆ ಊರಿನ ಹೆಣ್ಣುಮಗಳು ತನ್ನ ಊರಿನ ಮಕ್ಕಳಿಗೆ ಬಿಡುವಿನ ವೇಳೆಯಲ್ಲಿ ಸೇವೆ ಸಲ್ಲಿಸುತ್ತಾಳೆ ಎಂಬ ಕಲ್ಪನೆ 1975ರದು. ಇಂದು ಮಕ್ಕಳು 'ಟೀಚರ್' ಎಂದು ಕರೆಯುವ ಆ ಹೆಂಗಸು ಪಾಠ ಹೇಳಬೇಕು, ತೂಕ ಹಿಡಿಯಬೇಕು, ಮನೆಮನೆಗೆ ಹೋಗಬೇಕು, ದಿನದ ಲೆಕ್ಕವನ್ನು ಮೊಬೈಲಿನಲ್ಲಿ ತುಂಬಬೇಕು. ಅನೇಕ ಕಡೆ ಮತದಾರರ ಪಟ್ಟಿಯ ಕೆಲಸವೂ ಅವಳ ಹೆಗಲಿಗೇ. 2018ರಲ್ಲಿ ಕೇಂದ್ರ ಸರ್ಕಾರ ತನ್ನ ಪಾಲಿನ ಗೌರವಧನವನ್ನು ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ ಎಂದು ಗೊತ್ತುಮಾಡಿತು. ರಾಜ್ಯ ಸರ್ಕಾರ ತನ್ನ ಪಾಲನ್ನು ಬೇರೆಯಾಗಿ ಸೇರಿಸುತ್ತದೆ.

ಇದು ನ್ಯಾಯಾಲಯದ ಮೆಟ್ಟಿಲನ್ನೂ ಏರಿದ ಪ್ರಶ್ನೆ. ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲವೆಂದು ತೀರ್ಪಿತ್ತಿತು. 2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಬೀದಿಯಲ್ಲಿಯೇ ರಾತ್ರಿ ಮಲಗಿ ಗೌರವಧನದ ಏರಿಕೆಗಾಗಿ ಧರಣಿ ನಡೆಸಿದ್ದನ್ನು ನಗರದವರು ಮರೆತಿರಲಾರರು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ, ಇವರಿಗೂ ಸಹಾಯಕಿಯರಿಗೂ 1972ರ ಕಾಯಿದೆಯಂತೆ ಗ್ರಾಚ್ಯುಯಿಟಿ ಸಲ್ಲಬೇಕೆಂದು ಹೇಳಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ಅವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು.

ಈ ಇತಿಹಾಸವನ್ನು ಇಲ್ಲಿ ಹೇಳಲು ಕಾರಣವಿದೆ. ನಗರದ ಸಂಪನ್ನ ಮನೆಯವರು ಶನಿವಾರ ಒಂದು ಗಂಟೆ ಹಳ್ಳಿಯ ಅಂಗನವಾಡಿಗೆ ಹೋಗಿ ಬಂದರೆ ಅದನ್ನು ಸೇವೆಯೆನ್ನುತ್ತೇವೆ. ವರ್ಷವೆಲ್ಲ ದುಡಿಯುವವಳದನ್ನೂ ಅದೇ ಮಾತಿನಿಂದ ಕರೆದು ಕೈತೊಳೆದುಕೊಳ್ಳುತ್ತೇವೆ. ಇವೆರಡೂ ಒಂದೇ ಅಲ್ಲ. ಅವಳದು ದುಡಿಮೆ, ಅದಕ್ಕೆ ತಕ್ಕ ಪ್ರತಿಫಲ ಸಲ್ಲಬೇಕು. ನಮ್ಮದು ನೆರವು. ಅವಳ ಜಾಗವನ್ನು ತುಂಬುವುದಲ್ಲ, ಅವಳ ಜೊತೆಗೆ ನಿಲ್ಲುವುದೇ ನೆರವು ಮಾಡುವವರ ಧರ್ಮ.

ಜೊತೆಗೆ ನಿಲ್ಲುವುದೆಂದರೆ

ಹೇಗೆ ನಿಲ್ಲಬಹುದೆಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. 1969ರಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕಾಗಿ ದೆಹಲಿಯ ರಾಜಘಾಟದ ಬಳಿ ಕಟ್ಟಡಗಳು ಏಳುತ್ತಿದ್ದವು. ಕೂಲಿ ತಾಯಂದಿರ ಕೂಸುಗಳು ಧೂಳಿನಲ್ಲಿ ಬಿದ್ದಿರುವುದನ್ನು ಕಂಡ ಮೀರಾ ಮಹಾದೇವನ್ ಅವರು ಅಲ್ಲಿಯೇ ಒಂದು ಗುಡಾರ ಹಾಕಿಸಿ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿದರು. ಕೆಲಸದ ಜಾಗ ಬದಲಾದಂತೆ ತಾನೂ ಜಾಗ ಬದಲಿಸುವ 'ಮೊಬೈಲ್ ಕ್ರೆಷ್' ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ.

ಇನ್ನೊಂದು ಇಂಗ್ಲೆಂಡಿನ ಲೆಸ್ಟರ್ ಪಟ್ಟಣದ್ದು. ಅಲ್ಲಿ 1973ರಲ್ಲಿ ಮಾರ್ಗರೆಟ್ ಹ್ಯಾರಿಸನ್ ಎಂಬ ಮಹಿಳೆ 'ಹೋಮ್ ಸ್ಟಾರ್ಟ್' ಎಂಬ ಕಾರ್ಯವನ್ನು ಆರಂಭಿಸಿದರು. ಐದು ವರ್ಷದೊಳಗಿನ ಮಗುವಿರುವ, ಕಷ್ಟದಲ್ಲಿರುವ ಮನೆಗೆ, ಮಕ್ಕಳನ್ನು ಸಾಕಿ ಅನುಭವವುಳ್ಳ ಸ್ವಯಂಸೇವಕಿ ವಾರಕ್ಕೊಮ್ಮೆ ಒಂದೆರಡು ಗಂಟೆ ಹೋಗುತ್ತಾಳೆ. ಉಪದೇಶ ಮಾಡುವುದಿಲ್ಲ, ತಪಾಸಣೆ ಮಾಡುವುದಿಲ್ಲ. ಮಗುವನ್ನು ಎತ್ತಿಕೊಂಡು ತಾಯಿಗೆ ಸ್ನಾನಕ್ಕೆ ಬಿಡುವು ಕೊಡುತ್ತಾಳೆ. ಜೊತೆಗೆ ಕೂತು ಮಾತನಾಡುತ್ತಾಳೆ. ನಮ್ಮ ಊರುಗಳಲ್ಲಿ ಪಕ್ಕದ ಮನೆಯ ಅಜ್ಜಿ ಹೇಳಿಸಿಕೊಳ್ಳದೆ ಮಾಡುತ್ತಿದ್ದುದೂ ಇದನ್ನೇ ಅಲ್ಲವೆ?

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ನೆರವು ಎಲ್ಲಿ ಬೇಕಾಗುತ್ತದೆಂಬುದನ್ನು ಒಂದು ಸಂದರ್ಭದಿಂದ ತಿಳಿಯಬಹುದು. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆಯನ್ನು ಬಣ್ಣದ ಪಟ್ಟಿಯಿಂದ ಅಳೆಯುತ್ತಾರೆ. ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಮೆಯಾದರೆ ಕೆಂಪು. ಅಂದರೆ ತೀವ್ರ ಅಪೌಷ್ಟಿಕತೆ. ಅಂಥ ಮಗುವಿನ ಸ್ಥಿತಿ ಕೆಟ್ಟಿದ್ದರೆ ಆಸ್ಪತ್ರೆಯ ಪುನಶ್ಚೇತನ ಕೇಂದ್ರದಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ಇರಿಸಿ ಆರೈಕೆ ಮಾಡುತ್ತಾರೆ. ಚಿಕಿತ್ಸೆಗೆ ದುಡ್ಡಿಲ್ಲ, ತಾಯಿಯ ಕೂಲಿನಷ್ಟಕ್ಕೆ ಪರಿಹಾರವೂ ಉಂಟು. ಆದರೂ ತಾಯಿ ಒಪ್ಪುವುದಿಲ್ಲ. 'ದೊಡ್ಡ ಮಗೀನ ಯಾರು ನೋಡ್ಕೊತಾರೆ?' ಎಂಬುದು ಅವಳ ಪ್ರಶ್ನೆ. ಕಾರ್ಯಕರ್ತೆ ಎಷ್ಟು ತಿಳಿಯಹೇಳಿದರೂ ಆ ಪ್ರಶ್ನೆಗೆ ಸರ್ಕಾರದ ಯಾವ ಆದೇಶದಲ್ಲಿಯೂ ಉತ್ತರವಿಲ್ಲ. ಹದಿನಾಲ್ಕು ದಿನ ಹಿರಿಯ ಮಗುವಿಗೆ ಉಣಬಡಿಸಿ, ಅಂಗನವಾಡಿಗೆ ಬಿಟ್ಟು, ಸಂಜೆ ಕರೆತರುವ, ಆ ಮಗುವಿಗೆ ಪರಿಚಯವಿರುವ ನೆರೆಯವಳೊಬ್ಬಳು ಮುಂದೆ ಬಂದರೆ ಕಿರಿಯ ಮಗುವಿನ ಜೀವ ಉಳಿಯಬಹುದು. ಆ ನೆರೆಯವಳಿಗೆ ಹಾಲು ಅಕ್ಕಿಯ ಖರ್ಚನ್ನು ಕೊಡುವುದು, ಆಸ್ಪತ್ರೆಗೆ ಹೋಗಿಬರಲು ವಾಹನದ ಏರ್ಪಾಡು ಮಾಡುವುದು, ಎರಡು ದಿನಕ್ಕೊಮ್ಮೆ ತಾಯಿಗೆ ಮನೆಯ ಸುದ್ದಿ ಮುಟ್ಟಿಸುವುದು, ಇವು ದೂರದಲ್ಲಿರುವವರೂ ಮಾಡಬಹುದಾದ ಕೆಲಸಗಳು.

ಇನ್ನೊಂದು ಕೆಲಸ ಓದುಬರಹ ಬಲ್ಲವರಿಗೆ ಮೀಸಲಾದದ್ದು. ಆರು ವರ್ಷದೊಳಗಿನ ನಲವತ್ತು ಮಕ್ಕಳಿದ್ದು ಅಂಗನವಾಡಿಯಿಲ್ಲದ ಗ್ರಾಮ ಅಥವಾ ಕೊಳಚೆ ಪ್ರದೇಶದವರು ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರ ಡಿಸೆಂಬರ್ 13ರಂದು ಆದೇಶಿಸಿತು. ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಗುವಿಗೂ ಬಸುರಿ ಬಾಣಂತಿಯರಿಗೂ ಅಂಗನವಾಡಿಯ ಆಹಾರ ಹಕ್ಕೆಂದು 2013ರ ಆಹಾರ ಭದ್ರತಾ ಕಾಯಿದೆ ಸಾರಿತು. ತಗಡಿನ ಶೆಡ್ಡಿನವರಿಗೆ ಇದು ತಿಳಿಯದು. ತಿಳಿದರೂ ಅರ್ಜಿ ಬರೆದು ಕಚೇರಿಗೆ ಅಲೆಯಲು ಒಂದು ದಿನದ ಕೂಲಿ ಹೋಗುತ್ತದೆ. ಮಕ್ಕಳನ್ನು ಎಣಿಸಿ, ಹೆಸರು ವಯಸ್ಸು ಬರೆದುಕೊಂಡು, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಅರ್ಜಿ ಒಯ್ಯುವವರು ಬೇಕು.

ಕೆಲವು ಎಚ್ಚರದ ಮಾತು

ಒಳ್ಳೆಯ ಮನಸ್ಸಿನಿಂದ ಹೊರಟವರೂ ಎಡವುವ ಜಾಗಗಳಿವೆ. ಮೊದಲು ಕಾರ್ಯಕರ್ತೆಯನ್ನು ಕೇಳಿ. ಏನು ಬೇಕೆಂಬುದನ್ನು ಅವರು ಬಲ್ಲರು. ಗೋಡೆಗೆ ಬಣ್ಣ ಬಳಿಸಲು ಹೋದವರಿಗೆ, ಅಲ್ಲಿ ಬೇಕಾಗಿದ್ದುದು ನೀರಿನ ತೊಟ್ಟಿಗೊಂದು ಮುಚ್ಚಳ ಎಂದು ತಿಳಿದೀತು. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿಯಿದೆ. ಅದಕ್ಕೂ ಇಲಾಖೆಯ ಮೇಲ್ವಿಚಾರಕಿಗೂ ತಿಳಿಸದೆ ಮಕ್ಕಳ ನಡುವೆ ಹೋಗಬಾರದು. ಹೊರಗಿನವರು ಮಕ್ಕಳ ಜೊತೆ ಒಂಟಿಯಾಗಿರದೆ ಕಾರ್ಯಕರ್ತೆಯ ಅಥವಾ ಸಹಾಯಕಿಯ ಎದುರಿಗೇ ಇರುವುದು ಎಲ್ಲರಿಗೂ ಕ್ಷೇಮ.

ಹುಟ್ಟುಹಬ್ಬದ ನೆಪದಲ್ಲಿ ಕೇಕು ಚಾಕಲೇಟು ಹಂಚಿ, ಮಕ್ಕಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಬರುವುದು ಸೇವೆಯಲ್ಲ. ನಮ್ಮ ಮಕ್ಕಳ ಫೋಟೋವನ್ನು ಅಪರಿಚಿತರು ಊರಿಗೆಲ್ಲ ತೋರಿಸಿದರೆ ನಾವು ಸಹಿಸುವೆವೆ? ತಾಯಿಗೆ ಬುದ್ಧಿ ಹೇಳಲು ಹೋಗುವುದೂ ಸಲ್ಲದು. ಮಗುವಿಗೆ ತತ್ತಿ ಕೊಡಬೇಕೆಂದು ಅವಳಿಗೆ ಗೊತ್ತು. ಅವಳ ಕಷ್ಟ ತಿಳಿವಳಿಕೆಯದಲ್ಲ, ಹೊತ್ತಿನದು.

ಎಲ್ಲಕ್ಕಿಂತ ಮುಖ್ಯವಾದದ್ದು ಹೇಳಿದ ದಿನ ಬರುವುದು. ಮಂಗಳವಾರ ಬಂದು ಕಥೆ ಹೇಳುವ ಅಜ್ಜಿಗಾಗಿ ಮೂರು ವರ್ಷದ ಮಗು ಸೋಮವಾರದಿಂದಲೇ ಕಾಯತೊಡಗುತ್ತದೆ. ವಾರಕ್ಕೆ ಒಂದೇ ಗಂಟೆಯಾದರೂ ಸರಿ, ವರ್ಷವಿಡೀ ತಪ್ಪದೆ ಬರುವವರು ಬೇಕು. ಒಂದು ತಿಂಗಳು ದಿನವೂ ಬಂದು ಮತ್ತೆ ಮುಖ ತೋರಿಸದವರಿಂದ ಮಕ್ಕಳಿಗೆ ನೋವೇ ಹೆಚ್ಚು. ಬಿಡಬೇಕಾಗಿ ಬಂದರೆ ಮುಂಚಿತವಾಗಿ ತಿಳಿಸಿ, ಬೇರೆಯವರನ್ನು ಪರಿಚಯಿಸಿ ಬಿಡಬೇಕು.

ನಿವೃತ್ತರಾದ ಶಿಕ್ಷಕಿಯರು, ಮಕ್ಕಳು ದೊಡ್ಡವರಾಗಿ ಮನೆ ಬರಿದಾಗಿರುವ ತಾಯಂದಿರು, ಹೊಸ ಬಡಾವಣೆಗಳಿಗೆ ಬಂದು ನೆಲೆಸಿರುವ ದಂಪತಿಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಈಗ ಕಡಮೆಯೇನಿಲ್ಲ. ಅವರ ಮನೆಯ ಕಾಂಪೌಂಡಿನಿಂದ ಅಂಗನವಾಡಿ ಅನೇಕ ವೇಳೆ ಅರ್ಧ ಮೈಲಿಯೂ ಇರುವುದಿಲ್ಲ. ಅವರ ಮನೆಯನ್ನು ಕಟ್ಟಿದವಳ ಮಗು, ಅವರು ಉಟ್ಟ ಸೀರೆಗೆ ಕಂಡಿಕೆ ಸುತ್ತಿದವಳ ಮಗು ಅಲ್ಲಿರಬಹುದು. ಮುಂದಿನ ವಾರ ಒಂದು ಬೆಳಗ್ಗೆ ಕೈಯಲ್ಲಿ ಏನನ್ನೂ ಹಿಡಿಯದೆ ಹೋಗಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, 'ಟೀಚರೇ, ನಿಮಗೆ ಯಾವ ಹೊತ್ತಿನಲ್ಲಿ ಒಂದು ಕೈ ಬೇಕು?' ಎಂದು ಕೇಳಿನೋಡಿ. ಉತ್ತರ ಬರಲು ತಡವಾಗದು.